ಹಾರ್ಮೋನಿಯಂ ಸಾಬರ ಕೈಗೆ ಹೋದ ರೈಫಲ್

ಎಪ್ಪತ್ತರ ದಶಕದಲ್ಲಿ ತುಮಕೂರಿನ ನಮ್ಮ ರೈಫಲ್ ಶೂಟಿಂಗ್ ತಂಡದಿಂದ ನನ್ನನ್ನು ಇನ್ನೇನು ಕೈಬಿಡುವುದರಲ್ಲಿದ್ದರು. ಮೊದಲೆರಡು ಗುಂಡು ಗುರಿಯ ನಡುವಿಗೇ ಬೀಳುತ್ತಿದ್ದವು. ನಳಿಗೆ ಕಾದಮೇಲೆ ಮಿಕ್ಕವು ದಿಕ್ಕಾಪಾಲು. ನಳಿಗೆ ಅಲುಗದಿರಲಿ ಎಂದು ಅದಕ್ಕೂ ಕೆಳಗಿನ ಮರಕ್ಕೂ ನಡುವೆ ನಾನೇ ಉಣ್ಣೆಬಟ್ಟೆ ತುರುಕಿದೆ. ಇನ್ನೂ ಕೆಟ್ಟಿತು.

ಮರಗೆಲಸದಲ್ಲಿ ಕೈ ಪಳಗಿದವರೆಂದು ಗುಬ್ಬಿಯ ಹಾರ್ಮೋನಿಯಂ ರಿಪೇರಿ ಸಾಬರ ಹತ್ತಿರ ಹೋದೆ. ಲೈಸೆನ್ಸ್ ತೋರಿಸುವವರೆಗೂ ಅವರು ರೈಫಲ್ ಮುಟ್ಟಲಿಲ್ಲ.

"ಈ ಬಟ್ಟೆ ಯಾಕೆ ಸಾರ್?"

"ಭದ್ರವಾಗಿರ್ಲಿ ಅಂತ."

ಅವರು ಹಾರ್ಮೋನಿಯಂನಿಂದ ಸ್ವರ ಹೊರಡಿಸುವ ಹಿತ್ತಾಳೆಯ ರೀಡೊಂದನ್ನು ಬಿಚ್ಚಿ ಉಗುರಿನಿಂದ ಮೀಟಿದರು. "ನೋಡಿ, ಬುಡದಲ್ಲಿ ಗಟ್ಟಿ, ಮಿಕ್ಕಿದ್ದೆಲ್ಲಾ ಗಾಳೀಲಿ. ಪಕ್ಕಕ್ಕೆ ತಾಗಿದ್ರೆ ಅಪಸ್ವರ."

ಬಟ್ಟೆ ಕಿತ್ತರು, ಮರ ಹೆರೆದರು, ನನ್ನ ಬಸ್ ಟಿಕೆಟನ್ನು ನಳಿಗೆಯ ಕೆಳಗೆ ತುದಿಯಿಂದ ಬುಡದವರೆಗೂ ಎಳೆದರು. ಎಲ್ಲೂ ತಡೆಯಲಿಲ್ಲ. ಆಮೇಲೆ ನಳಿಗೆಯನ್ನು ಬೆರಳಿನಿಂದ ತಟ್ಟಿದರು. ಮಧ್ಯಾಹ್ನದ ಬಿಸಿಲುಕೋಲಿನಲ್ಲಿ ಮರದ ಪುಡಿ ತೇಲುತ್ತಿತ್ತು. ಆ ಸಣ್ಣ ನಾದವೂ ಅದರ ಜೊತೆಗೇ ತೇಲಿತು.

ಭಾನುವಾರದ ಆಯ್ಕೆಯಲ್ಲಿ ಐದೂ ಗುಂಡು ಒಂದೇ ತೂತಿನಲ್ಲಿ ಹೋದವು. ತಂಡದಲ್ಲಿ ಉಳಿದೆ. ಗುರಿಯ ಹಾಳೆ ಹಿಡಿದು ಗುಬ್ಬಿಗೆ ಓಡಿದೆ. ಸಾಬರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟ್ ಗುಂಡು ಹೊಡೆದ್ರಿ?"

"ಐದು."

ಅವರ ಮುಖ ಸಪ್ಪಗಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಸಾರ್. ಒಂದಾದ್ರೂ ಬಿತ್ತಲ್ಲ."