ಸಂಗಪ್ಪ ಕಾಕಾ ಆರಿಸಿಕೊಟ್ಟ ಮೂವರು

ಸುಟ್ಟುಹೋದ ಸ್ಪೀಕರಿನ ಕಾಯಿಲನ್ನು ಮೂಗಿನ ಹತ್ತಿರ ಹಿಡಿದು, ಅದು ಯಾವ ಊರಿನ ಡಿಜೆಯದೆಂದು ಸಂಗಪ್ಪ ಕಾಕಾ ಹೇಳಿಬಿಡುತ್ತಿದ್ದರು. ಹತ್ತರಲ್ಲಿ ಎಂಟು ಸಲ ಅದು ನಿಜವಾಗುತ್ತಿತ್ತು. ಉಳಿದೆರಡು ಸಲ, "ಹಂಗಾದ್ರ ಅವ ಬ್ಯಾರೆ ಯಾರಿಗೋ ಬಾಡಿಗಿ ಕೊಟ್ಟಾನ" ಎನ್ನುತ್ತಿದ್ದರು.

ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಸ್ಪೀಕರ್ ರಿಪೇರಿ ಅಂಗಡಿ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಡಿಜೆಗಳೆಲ್ಲ ಅಲ್ಲಿಗೇ ಬರುತ್ತಿದ್ದರು. ನಾನು ಸಿಂದಗಿಯವಳು. ಈ ನಾಲ್ಕು ತಾಲೂಕಿನಲ್ಲಿ ಟೆಕ್ನೊ ಎಂಬ ಎಲೆಕ್ಟ್ರಾನಿಕ್ ಸಂಗೀತ ನುಡಿಸುವವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದೆ. ಚಿತ್ರದಲ್ಲಿ ಮೂವರಿಗೆ ಮಾತ್ರ ಜಾಗವಿತ್ತು, ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿದ್ದವು. ಅದನ್ನು ಹಿಡಿದುಕೊಂಡೇ ಕಾಕಾರ ಅಂಗಡಿ ಹತ್ತಿದೆ.

ಅರವತ್ತು ದಾಟಿದ ಈ ಮನುಷ್ಯನಿಗೆ ಟೆಕ್ನೊ ಏನು ತಿಳಿದೀತು ಎಂಬ ಅನುಮಾನ ನನಗಿತ್ತು. ಆದರೆ ರಿಪೇರಿಯಾದ ಸ್ಪೀಕರನ್ನು ಅವರು ಪರೀಕ್ಷಿಸುತ್ತಿದ್ದುದೇ ಆ ಸಂಗೀತದಿಂದ.

"ಹಾಡಿನ್ಯಾಗ ಮಾತಿದ್ರ ಸ್ಪೀಕರಿನ ತಪ್ಪು ಮುಚ್ಚಿ ಹೋಗತೈತಿ ನೋಡವಾ. ಇದರಾಗ ಬರೇ ಲಯ. ಮುಚ್ಚಾಕ ಜಾಗಾನ ಇಲ್ಲ" ಎಂದರು.

ವರ್ಷಗಟ್ಟಲೆ ಹಾಗೆ ಕೇಳಿ ಕೇಳಿ ಅವರ ಕಿವಿ ಹದವಾಗಿತ್ತು. ನಾನು ತಂದಿದ್ದ ಹನ್ನೊಂದು ಜನರ ತುಣುಕುಗಳನ್ನು ಒಂದೊಂದಾಗಿ ಹಾಕಿಸಿಕೊಂಡರು. ಹಿಡಿಸದಿದ್ದರೆ ಬಾಯಲ್ಲಿನ ಅಡಿಕೆ ಅಗಿಯುತ್ತಲೇ ಇರುತ್ತಿದ್ದರು, ಹಿಡಿಸಿದರೆ ದವಡೆ ನಿಂತುಬಿಡುತ್ತಿತ್ತು. ಅಂದು ನಿಂತದ್ದು ಎರಡೇ ಸಲ: ಮುದ್ದೇಬಿಹಾಳದ ಒಬ್ಬ ಸಾಲಿ ಮಾಸ್ತರನಿಗೆ, ಸಾಲೋಟಗಿಯ ಒಬ್ಬ ವೆಲ್ಡರನಿಗೆ.

ನನ್ನ ಪಟ್ಟಿಯ ಮೊದಲ ಹೆಸರು ಮಹಾಂತೇಶ. ನಾಲ್ಕೂ ತಾಲೂಕಿನಲ್ಲಿ ಮೆರವಣಿಗೆಗೆ ಸ್ಪೀಕರ್ ಹೇರುವ ಅವನ ಲಾರಿಯಷ್ಟು ದೊಡ್ಡ ಲಾರಿ, ಅವನಲ್ಲಿದ್ದಷ್ಟು ದೀಪ ಬೇರೆ ಯಾರ ಹತ್ತಿರವೂ ಇರಲಿಲ್ಲ. ಅವನು ಕಾಕಾರ ತಂಗಿಯ ಮಗ ಕೂಡ. ಅವನ ತುಣುಕು ಮುಗಿಯುವವರೆಗೂ ಅಡಿಕೆ ಅಗಿಯುವ ಸಪ್ಪಳ ಕೇಳುತ್ತಲೇ ಇತ್ತು.

"ಇವನ್ನ ತಗಿ" ಎಂದರು ಕಾಕಾ.

"ನಿಮ್ಮ ಅಳಿಯ ಅಲ್ರಿ?"

"ಅಳಿಯಂದಿರ ಪಿಚ್ಚರ್ ಮಾಡಾಕತ್ತಿದ್ರ ಅವನ್ನ ಮೊದಲ ಹಾಕು. ಮಂದಿ ಮಾಡಿದ್ದ ತಂದು ಜೋರು ಮಾಡತಾನ, ಅಷ್ಟ."

ಮೂರನೆಯ ಹೆಸರು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಮರುದಿನ ಕಾಕಾ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಇಂಗಳೇಶ್ವರಕ್ಕೆ ಹೊರಟರು. ಅಲ್ಲಿ ರೇಣುಕಾ ಎಂಬ ಹುಡುಗಿ ತಾಯಿಯ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಿರಣಿಯ ಪಟ್ಟಾ ತಿರುಗುವ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದು, ಹಳೆಯ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸಿ, ಅದರ ಮೇಲೆ ಲಯ ಕಟ್ಟುತ್ತಿದ್ದಳು. ಒಮ್ಮೆ ಸ್ಪೀಕರ್ ರಿಪೇರಿಗೆಂದು ಬಂದವಳು ಕಾಕಾರ ಅಂಗಡಿಯಲ್ಲಿ ಅದನ್ನೇ ಹಾಕಿ ಕೇಳಿಸಿದ್ದಳಂತೆ. ಗೋಧಿಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ನಮಗಾಗಿ ಹತ್ತು ನಿಮಿಷ ನುಡಿಸಿದಳು. ನನ್ನ ಮೈ ಜುಮ್ಮೆಂದಿತು. ಆದರೂ ಹೊರಗೆ ಬಂದ ಮೇಲೆ ಕೇಳಿದೆ.

"ಕಾಕಾ, ಈಕಿ ಒಂದು ಮೆರವಣಿಗ್ಯಾಗೂ ನುಡಿಸಿಲ್ಲ. ಡಿಜೆ ಅನ್ನೋದು ಹೆಂಗ್ರಿ?"

"ನೀ ಡಿಜೆ ಹುಡುಕಾಕತ್ತೀಯೋ, ಲಾರಿ ಹುಡುಕಾಕತ್ತೀಯೋ?"

ರೇಣುಕಾಳ ಹೆಸರು ಬರೆದುಕೊಂಡೆ.

ಕಾಕಾ ಹೆಸರು ತೆಗೆಸಿದ ಸುದ್ದಿ ಮಹಾಂತೇಶನಿಗೆ ಮುಟ್ಟಿತು. ಅವನು ತನ್ನ ಸ್ಪೀಕರುಗಳನ್ನು ರಿಪೇರಿಗೆ ಬೇರೆ ಊರಿಗೆ ಒಯ್ಯತೊಡಗಿದ. ಹೆಂಡತಿ ತೀರಿದ ಮೇಲೆ ಕಾಕಾರಿಗೆ ದಿನಾ ಮಧ್ಯಾಹ್ನ ತಂಗಿಯ ಮನೆಯಿಂದಲೇ ಬುತ್ತಿ ಬರುತ್ತಿತ್ತು, ಅದೂ ನಿಂತಿತು. ಖಾನಾವಳಿಯಲ್ಲಿ ಒಬ್ಬರೇ ಉಣ್ಣುತ್ತಿದ್ದ ಅವರನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮಹಾಂತೇಶನ್ನೂ ಸೇರಿಸಲೇನ್ರಿ?" ಎಂದೆ.

"ಅವ ನುಡಿಸೂದು ನಿನಗ ಹಿಡಿಸಿದ್ರ ಸೇರಿಸವಾ" ಎಂದರು ಶಾಂತವಾಗಿ. "ನನ್ನ ಬುತ್ತಿ ಸಲುವಾಗಿ ಸೇರಿಸಬ್ಯಾಡ."

ನಾನು ಸೇರಿಸಲಿಲ್ಲ.

ಎಂಟು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಇಂಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದೆವು. ರೇಣುಕಾ ತಾಯಿಯ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕರೆಯದಿದ್ದರೂ ಮಹಾಂತೇಶ ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಜಗಳವಾದೀತೆಂದು ನನಗೆ ದಿಗಿಲು. ಚಿತ್ರ ಮುಗಿಯಿತು. ಅವನು ನೇರ ಕಾಕಾರ ಹತ್ತಿರ ಬಂದ.

"ಮಾಮಾ, ಆ ಹುಡುಗಿ ಮಾಡಿದಂಗ ನನಗ ಮಾಡಾಕ ಬರಂಗಿಲ್ಲ" ಎಂದ.

"ಹೋಗಿ ಕೇಳು. ಹೇಳಿಕೊಡತಾಳ."

ಅವನು ಕಿಸೆಯಿಂದ ಬೈಕಿನ ಕೀಲಿ ತೆಗೆದ. ಆಮೇಲೆ, "ಅವ್ವ ಊಟಕ್ಕ ಕರಕೊಂಡು ಬಾ ಅಂದಾಳ" ಎಂದ.

ಕಾಕಾ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಹೊರಗೆ ಬಂದು ಅವನ ಬೈಕಿನ ಹಿಂದೆ ಕೂತು ನನ್ನತ್ತ ತಿರುಗಿದರು.

"ನೀನೂ ಬಾರವಾ. ನಮ್ಮ ತಂಗಿ ಎಣ್ಣಿಗಾಯಿ ಚಲೋ ಮಾಡತಾಳ."

ಸಿಂದಗಿಯ ಬಸ್ಸಿಗೆ ಹೊತ್ತಾಗುತ್ತದೆ, ಇನ್ನೊಮ್ಮೆ ಬರುತ್ತೇನೆ ಎಂದೆ. ಆ ಮಳೆಗಾಲದಲ್ಲೇ ಕಾಕಾ ಎದೆನೋವಿನಿಂದ ತೀರಿಕೊಂಡರು. ಅವರನ್ನು ನಾನು ಕಡೆಯ ಸಲ ಕಂಡದ್ದು ಅಳಿಯನ ಬೈಕಿನ ಮೇಲೆ, ನಗುತ್ತಾ, ತಂಗಿಯ ಮನೆಗೆ ಉಣ್ಣಲು ಹೊರಟಾಗ. ಆ ದಿನ ಆಮೇಲೂ ಬಸ್ಸುಗಳಿದ್ದವು. ನಾನು ಹೋಗಬೇಕಿತ್ತು.