ನಂಬಬಹುದಿತ್ತಾ
ನಮ್ಮ ಮೇಲ್ಮನವಿ ನ್ಯಾಯಾಧೀಶರು ಅಂಗಡಿಯವನ ಮಾತು ನಂಬಿ ಒಂದು ಹಣ್ಣನ್ನೂ ಕೊಂಡವರಲ್ಲ. ಮೂಸಿ, ಒತ್ತಿ, ಕಿವಿಯ ಹತ್ತಿರ ತಟ್ಟಿ ನೋಡಿದ ಮೇಲೂ ಅನುಮಾನ ಹೋಗುವುದಿಲ್ಲ. "ರೀ, ಈ ಹಣ್ಣಿಗೆ ಮಾಡೋ ವಿಚಾರಣೆ ನಿಮ್ಮ ಕೈದಿಗಳಿಗೂ ಮಾಡಬಾರದಾ" ಎಂದು ಹೆಂಡತಿ ಚುಚ್ಚಿದರೆ ನಗುತ್ತಾರೆ. ಪೀಠದಲ್ಲಿ ಕೂತರೆ ಮಾತ್ರ ಅವರು ಸಾಕ್ಷಿಯ ಮುಖವನ್ನೂ ನೋಡಬೇಕಿಲ್ಲ. ಕೆಳಗಿನ ಕೋರ್ಟಿನ ಕಡತವೇ ಸಾಕು. ಕಾನೂನೇ ಕೊಟ್ಟ ಸವಲತ್ತು ಅದು. "ನಾನು ನಂಬ್ತೀನಾ ಅನ್ನೋದು ಪ್ರಶ್ನೆ ಅಲ್ಲ. ಬುದ್ಧಿ ಇರೋ ಯಾರಾದ್ರೂ ನಂಬಬಹುದಿತ್ತಾ, ಅಷ್ಟೇ" ಎಂಬುದು ಅವರ ಜಪ. ಸೀನಿದರೂ ಅದೇ ಬರುತ್ತದೆಂದು ಗುಮಾಸ್ತರು ಆಡಿಕೊಳ್ಳುತ್ತಾರೆ. ಮೊನ್ನೆ ಒಬ್ಬ ಬೀಗ ರಿಪೇರಿಯವನ ಮೇಲ್ಮನವಿ ಬಂತು. ಅರವತ್ತು ಹೆಜ್ಜೆ ದೂರದಿಂದ ಬೆನ್ನು ಮಾತ್ರ ಕಂಡ ಒಬ್ಬನೇ ಸಾಕ್ಷಿ ಅವನನ್ನು ದರೋಡೆಕೋರನೆಂದು ಗುರುತಿಸಿದ್ದ; ಕೆಳಗಿನ ಕೋರ್ಟು ಅದನ್ನೇ ನಂಬಿ ಶಿಕ್ಷೆ ಕೊಟ್ಟಿತ್ತು. ನ್ಯಾಯಾಧೀಶರು ಎಂದಿನ ಜಪ ಶುರುಮಾಡುತ್ತಿದ್ದಂತೆ ಹಿಂದಿನ ಬೆಂಚಿನಿಂದ ಬೀಗದವನ ತಾಯಿ ಎದ್ದು, "ಸ್ವಾಮಿ, ಬೇರೆಯವರ ಮಾತು ಬಿಡಿ, ನೀವು ನಂಬ್ತೀರಾ?" ಎಂದು ಕೇಳಿದಳು. ನ್ಯಾಯಾಧೀಶರು ಕನ್ನಡಕ ತೆಗೆದು, ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಆ ಬೆಂಚಿನತ್ತ ನೋಡಿದರು. "ಇಲ್ಲಮ್ಮ, ನಾನು ನಂಬಲ್ಲ" ಎಂದು ಮೆಲ್ಲಗೆ ಹೇಳಿ, ಶಿಕ್ಷೆ ಸರಿಯೆಂದು ಬರೆದು, ಅವಳ ಮಗನ ಉಳಿದ ಒಂಬತ್ತು ವರ್ಷಕ್ಕೆ ಸಹಿ ಹಾಕಿದರು.