ಮಾವನ ಬೆನ್ನಿನ ಅಂಟುಪಟ್ಟಿ

ಆರ್ಲಿಸ್ ಮಾವ ನಮ್ಮ ಮನೆಗೆ ಇರಲು ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಬಟ್ಟೆಯ ಚೀಲ, ಗಣಿಗೆ ಹಾಕಿಕೊಂಡು ಹೋಗುತ್ತಿದ್ದ ಬೂಟು ಮತ್ತು ಸಿಗರೇಟು. ಅಮ್ಮ ಬಾಗಿಲಲ್ಲೇ ನಿಂತು ಚೀಲ ತೆರೆಸಿದಳು. ಕಾಲುಚೀಲಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಬೂಟಿನ ಒಳಗೆ ಕೈ ಹಾಕಿ ತಡಕಿದಳು. ಅವನು ಅವಳ ಸ್ವಂತ ತಮ್ಮ. ಆದರೂ ಅವನು ಬೇಸರಪಟ್ಟುಕೊಳ್ಳದೆ ತಲೆ ತಗ್ಗಿಸಿ ನಿಂತಿದ್ದ.

“ಒಂದು ಮಾತ್ರೆ ಕಂಡ್ರೆ ಸಾಕು ಆರ್ಲಿಸ್, ಒಂದೇ ಒಂದು. ಆಮೇಲೆ ನೀನು ಈ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ.”

“ಆಯ್ತು ಅಕ್ಕಾ.”

“ಸಿಗರೇಟು ಹೊರಗೆ. ಜಗಲಿಯಿಂದ ಆಚೆ.”

“ಅದೂ ಆಯ್ತು.”

ನಮ್ಮ ಪೂರ್ವ ಕೆಂಟಕಿಯ ಬೆಟ್ಟಗಳಲ್ಲಿ ಮಾವನಂಥವರು ಇಲ್ಲದ ಮನೆ ಕಡಿಮೆ. ಅವನು ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಒಂದು ದಿನ ಮೇಲಿನಿಂದ ಬಂಡೆಯ ಚಕ್ಕೆ ಕಳಚಿ ಅವನ ಬೆನ್ನ ಮೇಲೆ ಬಿತ್ತು. ಡಾಕ್ಟರು ನೋವಿಗೆ ಮಾತ್ರೆ ಬರೆದುಕೊಟ್ಟು, ಬೇಕೆನಿಸಿದಾಗ ತೆಗೆದುಕೋ ಎಂದರು. ಬೇಡವೆನಿಸಿದ ಹೊತ್ತೇ ಆಮೇಲೆ ಬರಲಿಲ್ಲ. ಕೆಲಸ ಹೋಯಿತು, ಹೆಂಡತಿ ಬಿಟ್ಟುಹೋದಳು, ಟ್ರಕ್ಕು ಮಾರಿದ್ದಾಯಿತು. ಆಮೇಲೆ ಅಜ್ಜಿಯ ಮನೆ ಸೇರಿಕೊಂಡ. ಅಲ್ಲಿಂದ ಹುಲ್ಲು ಕತ್ತರಿಸುವ ಯಂತ್ರವೂ ಅಜ್ಜಿಯ ಹೊಲಿಗೆ ಯಂತ್ರವೂ ಮಾಯವಾದವು. ಅಜ್ಜಿ ತೀರಿಕೊಂಡ ಮೇಲೆ, ಯಾರೂ ಹೇಳದೆಯೇ, ಅವನು ತಾನಾಗಿ ಪಟ್ಟಣದ ಚಟ ಬಿಡಿಸುವ ಚಿಕಿತ್ಸಾಲಯಕ್ಕೆ ಹೋಗಿ ಹೆಸರು ಬರೆಸಿದ.

ಅಲ್ಲಿ ಕೊಡುವ ಔಷಧ ತೆಳುವಾದ ಹಾಳೆಯ ಚೂರಿನ ಹಾಗಿರುತ್ತದೆ. ಬೆಳಿಗ್ಗೆ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಕರಗುವವರೆಗೆ ಸುಮ್ಮನೆ ಕೂರಬೇಕು. ಮಾತಾಡಬಾರದು, ಸಿಗರೇಟು ಸೇದಬಾರದು. ಮಾವ ಅಡುಗೆಮನೆಯ ಕುರ್ಚಿಯಲ್ಲಿ ತುಟಿ ಬಿಗಿದು ಕೂರುತ್ತಿದ್ದ. ಕರಗಿದ ತಕ್ಷಣ ಎದ್ದು ಕಲ್ಲಿದ್ದಲ ಕೊಟ್ಟಿಗೆಯ ಪಕ್ಕಕ್ಕೆ ಹೋಗಿ ಹಚ್ಚುತ್ತಿದ್ದ. ಮಾತ್ರೆ ಬಿಟ್ಟ ಮೇಲೆ ಅವನ ಸಿಗರೇಟು ಎರಡರಷ್ಟಾಯಿತು. ಒಂದು ಆರುವ ಮೊದಲೇ ಇನ್ನೊಂದಕ್ಕೆ ಬೆಂಕಿ ಮುಟ್ಟುತ್ತಿತ್ತು.

ಚಿಕಿತ್ಸಾಲಯದಲ್ಲೂ ಹಾಗೇ. ಒಳಗೆ ದುಂಡಗೆ ಕೂತು ಮಾತಾಡುವ ಸಭೆಯಲ್ಲಿ ಬಾಯಿ ಬಿಡದವರೆಲ್ಲ ಹೊರಗೆ ತಗಡಿನ ಮಾಡಿನ ಕೆಳಗೆ ಸೇದುತ್ತಾ ನಿಂತಾಗ ಮನಸ್ಸು ಬಿಚ್ಚುತ್ತಿದ್ದರು. ಅವರಲ್ಲಿ ಹಿರಿಯ ಹೋಬರ್ಟ್. ಅವನೂ ಗಣಿಯವನೇ, ಮೇಲಿನ ರಸ್ತೆಯಲ್ಲಿ ಚಕ್ರದ ಮೇಲಿನ ಒಂದು ಟ್ರೇಲರ್ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಅಮ್ಮ ಮಾವನನ್ನು ಕಾರಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಶಾಲೆ ಬಿಟ್ಟಿದ್ದ ನಾನೂ ಜೊತೆಗಿರುತ್ತಿದ್ದೆ. ಅದರಿಂದ ಅವರ ಮಾತು ನನ್ನ ಕಿವಿಗೂ ಬೀಳುತ್ತಿತ್ತು.

“ನಾನು ಕುಡಿಯೋದು ಬಿಟ್ಟೆ, ಮಾತ್ರೆ ಬಿಟ್ಟೆ. ನಮ್ಮನೆಯವಳು ನನ್ನನ್ನೇ ಬಿಟ್ಲು,” ಎನ್ನುತ್ತಿದ್ದ ಹೋಬರ್ಟ್, ಕೈಯಲ್ಲಿದ್ದ ಸಿಗರೇಟು ತೋರಿಸಿ. “ಉಳಿದಿರೋ ನೆಂಟ ಇದೊಂದೇ. ಇದನ್ನೂ ಬಿಟ್ರೆ ನನ್ನ ಹೆಣ ಹೊರೋಕೆ ಯಾರಪ್ಪಾ ಇರ್ತಾರೆ?”

ಅಲ್ಲಿಯ ನರ್ಸು ನೇವಾ ಬಾಗಿಲಿಂದ ತಲೆ ಹೊರಗೆ ಹಾಕಿದಳು. “ನಿನ್ನ ನೆಂಟನೇ ನಿನ್ನ ಬೇಗ ಹೊರಿಸ್ತಾನೆ, ಯೋಚನೆ ಮಾಡ್ಬೇಡ ಹೋಬರ್ಟ್. ಆರ್ಲಿಸ್, ಸ್ವಲ್ಪ ಒಳಗೆ ಬಾ.”

ಮಾವನ ಎದೆಯ ಎಕ್ಸ್‌-ರೇ ಚಿತ್ರ ಬಂದಿತ್ತು. ಗಣಿಯ ಧೂಳು ಮೊದಲೇ ಅರ್ಧ ತಿಂದಿದ್ದ ಶ್ವಾಸಕೋಶ. ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಸೇದುವುದನ್ನು ಈಗಲೇ ನಿಲ್ಲಿಸಬೇಕು ಎಂದಳು ನೇವಾ. ಎರಡನ್ನೂ ಒಟ್ಟಿಗೆ ಬಿಟ್ಟರೆ ತಲೆ ಕೆಡುತ್ತದೆ ಎಂದು ಹೊರಗಿನವರು ಹೇಳುವುದು ಸುಳ್ಳು, ಸಿಗರೇಟನ್ನೂ ಬಿಟ್ಟವರೇ ಮಾತ್ರೆಯಿಂದ ದೂರ ಉಳಿಯುವುದು ಹೆಚ್ಚು ಎಂದಳು. ತೋಳಿಗೆ ಅಂಟಿಸಿಕೊಳ್ಳುವ ಪಟ್ಟಿಯ ಡಬ್ಬಿಯನ್ನು ಅವನ ಮುಂದೆ ಇಟ್ಟಳು. ಅದರಿಂದ ನಿಕೋಟಿನ್ ನಿಧಾನವಾಗಿ ಚರ್ಮದ ಮೂಲಕ ಒಳಗೆ ಹೋಗುತ್ತದೆ, ಸೇದಬೇಕೆಂಬ ಆಸೆ ತಗ್ಗುತ್ತದೆ.

ಮಾವ ಡಬ್ಬಿಯನ್ನು ಮುಟ್ಟಲಿಲ್ಲ. “ಬೇರೆ ಏನಾದ್ರೂ ಕೊಡಿ ನರ್ಸಮ್ಮ. ಅಂಟಿಸೋದು ಬೇಡ.”

ಅವಳು ಜಗಿಯುವ ಗಮ್ ಕೊಟ್ಟಳು. ಮಾವನದು ಕಟ್ಟಿಸಿದ ಹಲ್ಲು. ಗಮ್ ಹಲ್ಲಿನ ಸೆಟ್ಟಿಗೆ ಅಂಟಿ, ಮೇಲಿನ ಸಾಲು ಊಟದ ಮೇಜಿನ ಮೇಲೆಯೇ ಕಳಚಿ ಬಂತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಅವನೂ ನಕ್ಕ. ಮತ್ತೆ ಕೊಟ್ಟಿಗೆಯ ಪಕ್ಕ ಹೋಗಿ ಸಿಗರೇಟು ಹಚ್ಚಿದ.

ಪಟ್ಟಿಯನ್ನು ಅವನು ಯಾಕೆ ಬೇಡವೆಂದ ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನೊಬ್ಬನಿಗೇ ಗೊತ್ತಿತ್ತು. ಓದುವವರಿಗೆ ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅಜ್ಜಿಗೆ ಮೂಳೆಯ ಕ್ಯಾನ್ಸರ್ ಆಗಿತ್ತು. ಕೊನೆಗೆ ಮಾತ್ರೆ ನುಂಗಲೂ ಆಗದಿದ್ದಾಗ ನೋವಿನ ಔಷಧವನ್ನು ಇಂಥದ್ದೇ ಒಂದು ಪಟ್ಟಿಯಲ್ಲಿ ಕೊಟ್ಟಿದ್ದರು. ಅಜ್ಜಿಯ ಕೈ ಹೋಗದ ಹಾಗೆ ಹೆಗಲಿನ ಹಿಂದೆ ಅಂಟಿಸಬೇಕಿತ್ತು. ಆ ಕೆಲಸ ಅಮ್ಮನದು. ಬೆನ್ನು ಒರೆಸಿ, ಒಣಗಿಸಿ, ಪಟ್ಟಿ ಇಟ್ಟು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದಳು. ಒಂದು ಸಂಜೆ ಅಮ್ಮ ಹೋದಾಗ ಅಜ್ಜಿ ಕೂಗಿಕೊಳ್ಳುತ್ತಿದ್ದಳು. ಬೆನ್ನಿನ ಮೇಲೆ ಪಟ್ಟಿ ಇರಲಿಲ್ಲ. ಹಾಸಿಗೆಯೆಲ್ಲ ಕೊಡವಿ ಹುಡುಕಿದರೂ ಸಿಗಲಿಲ್ಲ. ಮನೆಗೆ ಬರುತ್ತಿದ್ದ ನರ್ಸು ಹೊಸದನ್ನು ತರುವವರೆಗೆ ಅಜ್ಜಿಯ ನೋವು ನಿಲ್ಲಲಿಲ್ಲ. ಅಂಥ ನೋವು ತಿಂದವಳು ಆಮೇಲೆ ಹೆಚ್ಚು ದಿನ ಬದುಕಲೂ ಇಲ್ಲ.

ಬೆವರು ಸರಿಯಾಗಿ ಒರೆಸದೆ ಅಂಟಿಸಿದ್ದರಿಂದ ಪಟ್ಟಿ ಕಳಚಿ ಬಿದ್ದಿರಬೇಕು ಎಂದು ಅಮ್ಮ ನಂಬಿದಳು. ಅಂದಿನಿಂದ ಅವಳು ನಮ್ಮ ಮಂಡಿ ತರಚಿದರೂ ಗಾಯದ ಸುತ್ತ ಒರೆಸಿ ಒರೆಸಿ, ಬ್ಯಾಂಡೇಜಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಒತ್ತುತ್ತಾಳೆ. ಮೇ ಕೊನೆಯಲ್ಲಿ ಸಮಾಧಿಗಳಿಗೆ ಹೂವಿಡುವ ದಿನ ಅಜ್ಜಿಯ ಕಲ್ಲಿನ ಮುಂದೆ ಕೂತು, “ಅಮ್ಮಾ, ನಾನು ಸರಿಯಾಗಿ ಒರೆಸ್ಲಿಲ್ಲ ಕಣಮ್ಮಾ,” ಎಂದು ಎಲ್ಲರಿಗೂ ಕೇಳಿಸುವಂತೆ ಅಳುತ್ತಿದ್ದಳು. ಅವಳು ಆ ಮಾತು ಶುರು ಮಾಡಿದರೆ ಮಾವ ಸಿಗರೇಟು ಹಚ್ಚಿಕೊಂಡು ದೂರ ಹೋಗುತ್ತಿದ್ದ.

ಆ ಪಟ್ಟಿಯನ್ನು ಕಿತ್ತುಕೊಂಡವನು ಮಾವ. ಅವನಿಗೆ ಆಗ ಮಾತ್ರೆ ಸಿಕ್ಕಿರಲಿಲ್ಲ, ಪಟ್ಟಿಯಲ್ಲಿದ್ದದ್ದೂ ಅದೇ ಜಾತಿಯ ಔಷಧ.

ಸೇದುವುದನ್ನು ಯಾಕೆ ಬಿಡಲಾಗಲಿಲ್ಲ ಎಂದು ಮಾವ ಆಮೇಲೆ ನನಗೆ ಹೇಳಿದ. “ಆ ಮಾತು ಬಾಯಿಗೆ ಬಂದಾಗೆಲ್ಲ ಸಿಗರೇಟು ಇಟ್ಟು ಮುಚ್ಕೋತಿದ್ದೆ.” ಅವನು ಹೇಳಿದ್ದು ಇಷ್ಟೇ. ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ.

ಬೇಸಿಗೆ ಬರುವಷ್ಟರಲ್ಲಿ ಮಾವನಿಗೆ ಕೊಟ್ಟಿಗೆಯಿಂದ ಜಗಲಿಯವರೆಗೆ ನಡೆದರೂ ಏದುಸಿರು ಬರುತ್ತಿತ್ತು. ಕೊನೆಗೆ ನೇವಾಳ ಹತ್ತಿರ ಹೋಗಿ ಡಬ್ಬಿ ಇಸಕೊಂಡ. ಮನೆಯಲ್ಲಿ ಹೇಳಲಿಲ್ಲ. ಅದು ಬಿಟ್ಟೆ, ಇದು ಬಿಟ್ಟೆ ಎಂದು ಅಮ್ಮನಿಗೆ ಎಷ್ಟೋ ಸಲ ಮಾತು ಕೊಟ್ಟು ಮುರಿದವನು ಅವನು. ಈ ಸಲ ಪೂರ್ತಿ ಬಿಟ್ಟ ಮೇಲೆಯೇ ಹೇಳೋಣ ಎಂದುಕೊಂಡಿದ್ದನಂತೆ.

ಅಮ್ಮನ ಕಣ್ಣಿಗೆ ಅದು ಬೇರೆಯೇ ಆಗಿ ಕಂಡಿತು. ಮಾವ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ. ಚಮಚ ಕೆಳಗೆ ಬಿದ್ದರೂ ರೇಗುತ್ತಿದ್ದ. ಪಟ್ಟಿಯಿಂದ ಕೆಟ್ಟ ಕೆಟ್ಟ ಕನಸು ಬಿದ್ದು ನಿದ್ದೆಯಲ್ಲೇ “ಅಮ್ಮಾ” ಎಂದು ಕಿರುಚುತ್ತಿದ್ದ. ಮಾತ್ರೆ ತಿನ್ನುತ್ತಿದ್ದ ಕಾಲದಲ್ಲಿ ಅವನು ಇದ್ದದ್ದೂ ಹೀಗೇ. ಅಮ್ಮ ಏನೂ ಹೇಳದೆ ಅವನ ದಿಂಬಿನ ಕವರು ಬಿಚ್ಚಿ ನೋಡಿದಳು, ಸಕ್ಕರೆ ಡಬ್ಬಿಯೊಳಗೂ ನೋಡಿದಳು. ನಾನು ನೋಡಿದ್ದೇನೆ.

ತೋಳಿನ ಚರ್ಮ ಕೆಂಪಾಗಿ ತುರಿಸತೊಡಗಿದ್ದರಿಂದ ಮಾವ ಪಟ್ಟಿಯ ಜಾಗ ಬದಲಾಯಿಸಿದ. ಕನ್ನಡಿಗೆ ಬೆನ್ನು ಮಾಡಿ, ಕೈ ತಿರುಚಿ, ಹೆಗಲಿನ ಹಿಂದೆ ಸೊಟ್ಟಗೆ ಅಂಟಿಸಿಕೊಂಡ.

ಅಂದು ಮಧ್ಯಾಹ್ನ ಅಮ್ಮ ಮತ್ತು ನಾನು ಜಗಲಿಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆವು. ಚಳಿಗಾಲಕ್ಕೆಂದು ಬೇಯಿಸಿ ಬಾಟಲಿಗಳಲ್ಲಿ ತುಂಬಿಡಬೇಕಿತ್ತು. ಮಾವ ಹುಲ್ಲು ಕತ್ತರಿಸಿ ಬಂದು, ಅಂಗಿ ಬಿಚ್ಚಿ ನಲ್ಲಿಯ ಕೆಳಗೆ ತಲೆ ಕೊಟ್ಟ. ಮರೆತಿದ್ದನೋ ಏನೋ. ಅಮ್ಮ ಟವೆಲ್ ತೆಗೆದುಕೊಂಡು ಹೋದವಳು ಅಲ್ಲೇ ನಿಂತಳು.

“ಏನದು?”

ಮಾವ ಗಕ್ಕನೆ ತಿರುಗಿದ.

“ತಿರುಗಬೇಡ. ಬೆನ್ನು ತೋರ್ಸು. ತೋರ್ಸು ಅಂದೆ!”

ಅವಳು ಅದನ್ನು ಒಂದೇ ಎಳೆತಕ್ಕೆ ಕಿತ್ತಳು. ಅವನ ಮುಖದ ಮುಂದೆ ಹಿಡಿದಳು.

“ಯಾರ ಮೈಯಿಂದ ಕಿತ್ಕೊಂಡು ಬಂದೆಯೋ? ಹೇಳೋ! ಆ ಕೆಳಗಿನ ಮನೆ ವರ್ಜಿ ಗಂಡ ಹಾಸಿಗೆ ಹಿಡಿದು ನರಳ್ತಿದಾನೆ, ಅವನಿಗೂ ನೋವಿಗೆ ಇಂಥದ್ದೇ ಅಂಟಿಸ್ತಾರೆ. ಹುಲ್ಲು ಕತ್ತರಿಸಿ ಕೊಡ್ತೀನಿ ಅಂತ ಮೊನ್ನೆ ಹೋಗಿದ್ದೆಯಲ್ಲ, ಇದಕ್ಕೇನಾ? ಸಾಯೋರ ಮೈಯಿಂದ ಕೀಳೋಕೆ ನಿಂಗೆ ಕೈಯಾದ್ರೂ ಹೇಗೆ ಬಂತೋ ಪಾಪಿ?”

ಮಾವನ ಮುಖ ಸುಣ್ಣದ ಹಾಗಾಯಿತು. ನನ್ನ ಕಡೆ ನೋಡಿ, “ಮಂಚದ ಕೆಳಗೆ ಡಬ್ಬಿ ಇದೆ, ತಗೊಂಡು ಬಾರಮ್ಮಾ,” ಎಂದ.

ತಂದುಕೊಟ್ಟೆ. ಅಮ್ಮ ಕನ್ನಡಕವಿಲ್ಲದೆ ಅದನ್ನು ದೂರ ಹಿಡಿದು ಓದಿದಳು. ಇನ್ನೊಂದು ಸಲ ಓದಿದಳು.

“ಸಿಗರೇಟು ಬಿಡೋಕಾ?”

“ಹೂಂ.”

“ಮತ್ತೆ ದಿನಾ ಹೊತ್ತುಹೊತ್ತಿಗೆ ಆ ಕೊಟ್ಟಿಗೆ ಹತ್ರ ಹೋಗಿ ಏನ್ ಮಾಡ್ತಿದ್ದೆ?”

“ನಿಂತ್ಕೋತಿದ್ದೆ. ಅಷ್ಟೇ.”

ಅಮ್ಮ ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. “ಅಯ್ಯೋ ಮಂಕೇ, ಹೇಳ್ಬಾರದಿತ್ತೇನೋ? ನನ್ನ ಬಾಯಿಗೆ ಬೆಂಕಿ ಬೀಳ. ಏನೇನೋ ಅಂದ್ಬಿಟ್ಟೆ. ತಪ್ಪಾಯ್ತು ಕಣೋ.”

“ಅಕ್ಕಾ, ನೀನು ಹಾಗನ್ಬೇಡ.”

“ಯಾಕೆ ಅನ್ಬಾರ್ದು? ತಪ್ಪು ತಪ್ಪೇ. ಕೂತ್ಕೋ ಇಲ್ಲಿ. ಇಷ್ಟು ಸೊಟ್ಟಗೆ ಅಂಟಿಸ್ಕೊಂಡ್ರೆ ನಿಲ್ಲುತ್ತಾ?”

ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಡಬ್ಬಿಯಿಂದ ಹೊಸ ಪಟ್ಟಿ ತೆಗೆದಳು. ಟವೆಲಿನಿಂದ ಬೆನ್ನು ಒರೆಸಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು. ಬಾಯಿಂದ ಊದಿ ಒಣಗಿಸಿದಳು. ಪಟ್ಟಿಯಿಟ್ಟು ಅಂಗೈಯಿಂದ ಒತ್ತಿ ಹಿಡಿದು, “ಅವತ್ತು ಅಮ್ಮನಿಗೂ ಹಿಂಗೆ ಒರೆಸಿದ್ದಿದ್ರೆ...” ಎಂದಳು.

ಮಾವ ಮುಂದಕ್ಕೆ ನೋಡುತ್ತಿದ್ದ. “ನೀನು ಒರೆಸಿದ್ದೆ ಅಕ್ಕಾ.”

“ಇಲ್ಲ ಕಣೋ. ಬೆವರಿತ್ತು.”

“ನೀನು ಚೆನ್ನಾಗೇ ಒರೆಸಿದ್ದೆ. ಗಟ್ಟಿಯಾಗೇ ಅಂಟಿತ್ತು. ನಾನು ಕಿತ್ತೆ.”

ಅಮ್ಮನ ಅಂಗೈ ಅವನ ಬೆನ್ನ ಮೇಲೇ ಇತ್ತು. ಅದನ್ನು ತೆಗೆಯದೆಯೇ ಕೇಳಿದಳು.

“ಅಮ್ಮನಿಗೆ ಎಚ್ಚರ ಇತ್ತಾ?”

ಮಾವ ಇಲ್ಲ ಎನ್ನಬಹುದಿತ್ತು. ಅಲ್ಲಿ ಇದ್ದವನು ಅವನೊಬ್ಬನೇ, ಯಾರೂ ಸುಳ್ಳೆನ್ನುತ್ತಿರಲಿಲ್ಲ.

“ಇತ್ತು. ನೀನೇ ಬದಲಾಯಿಸೋಕೆ ಬಂದೆ ಅಂದ್ಕೊಂಡ್ಲು. ನನಗೆ ಸುಲಭ ಆಗ್ಲಿ ಅಂತ ಹೆಗಲು ಎತ್ತಿಕೊಟ್ಲು. ನಿನ್ನ ಹೆಸರು ಹಿಡಿದೇ ‘ಡೆಲ್ಫಾ, ನಿನ್ನ ಕೈ ಇವತ್ತು ತಣ್ಣಗಿದೆ’ ಅಂದ್ಲು.”

ಅಮ್ಮ ಕೈ ತೆಗೆದಳು. ಅಂಗೈಯನ್ನು ಟವೆಲಿನಿಂದ ಒರೆಸಿಕೊಂಡಳು. ಹೋಗಿ ಹುರುಳಿಕಾಯಿಯ ಬುಟ್ಟಿಯ ಮುಂದೆ ಕೂತಳು, ಒಂದು ಕಾಯಿಯನ್ನೂ ಮುಟ್ಟಲಿಲ್ಲ. ಮಾತ್ರೆ ಕಂಡರೆ ಏನು ಮಾಡಬೇಕೆಂದು ಅವಳು ಮೊದಲೇ ಹೇಳಿಟ್ಟಿದ್ದಳು. ಇದಕ್ಕೆ ಏನೂ ಹೇಳಿಟ್ಟಿರಲಿಲ್ಲ.

“ನಾನು ಅವಳ ಕಲ್ಲಿನ ಮುಂದೆ ಕೂತು ಅಷ್ಟು ಅಳ್ತಿದ್ದೆ. ನೀನು ಅಲ್ಲೇ ಇರ್ತಿದ್ದೆ,” ಎಂದಳು.

“ಇರ್ತಿದ್ದೆ.”

“ಹೋಗು ಆರ್ಲಿಸ್. ನನ್ನ ಕಣ್ಣ ಮುಂದೆ ಇರ್ಬೇಡ.”

ಅವನು ಒದ್ದೆ ಮೈಮೇಲೆ ಅಂಗಿ ಹಾಕಿಕೊಂಡು, ಬಂದಾಗಿನ ಚೀಲವನ್ನೇ ತೆಗೆದುಕೊಂಡು ಹೊರಟ. ಡಬ್ಬಿ ಮೆಟ್ಟಿಲ ಮೇಲೇ ಉಳಿದಿತ್ತು. ನಾನು ಓಡಿಹೋಗಿ ಕೊಟ್ಟೆ. ಇಸಕೊಂಡ, ಆದರೆ ನನ್ನ ಮುಖ ನೋಡಲಿಲ್ಲ.

ಹೋಬರ್ಟ್‌ನ ಟ್ರೇಲರಿನಲ್ಲಿ ಜಾಗ ಸಿಕ್ಕಿತು. ಅಲ್ಲಿ ಗೋಡೆಯೂ ಪರದೆಯೂ ಹೊಗೆಯಿಂದ ಹಳದಿಯಾಗಿವೆ. ಸೇದದೆ ಇರಬೇಕೆನ್ನುವವನಿಗೆ ಅದಕ್ಕಿಂತ ಕಷ್ಟದ ಮನೆ ಇರಲಾರದು.

ಮನೆಯಲ್ಲಿ ಅಮ್ಮ ಅವನ ಹೆಸರೆತ್ತಲಿಲ್ಲ. ಅವನ ಹಾಸಿಗೆಯ ಹೊದಿಕೆ ಒಗೆದು, ಮಡಿಸಿ, ಕಪಾಟಿನಲ್ಲಿಟ್ಟಳು. ಇಡೀ ದಿನ ಕೆಲಸ ಮಾಡುತ್ತಿದ್ದವಳು ನಡುವೆ ನಿಂತು ಅಂಗೈ ನೋಡಿಕೊಳ್ಳುತ್ತಿದ್ದಳು. ಅವಳ ಹೊರೆ ಇಳಿದಿದೆ ಎಂದು ನಾನು ಎಣಿಸಿದ್ದೆ. ಅವಳನ್ನು ನೋಡಿದರೆ ಹಾಗೆ ಕಾಣಿಸುತ್ತಿರಲಿಲ್ಲ.

ಚಿಕಿತ್ಸಾಲಯಕ್ಕೆ ಹೋಗುವ ದಿನ ಬಂತು. ಹೋಗದಿದ್ದರೆ ಔಷಧ ತಪ್ಪುತ್ತದೆ, ಔಷಧ ತಪ್ಪಿದರೆ ಮಾವ ಏನು ಮಾಡಿಕೊಳ್ಳುತ್ತಾನೆಂದು ಹೇಳಲಾಗದು. ಹೋಬರ್ಟ್‌ನ ಗಾಡಿ ಕೆಟ್ಟು ನಿಂತಿತ್ತು. ಅಮ್ಮ ಬೆಳಿಗ್ಗೆ ಯಾರಿಗೂ ಹೇಳದೆ ಕಾರಿನ ಬೀಗದ ಕೈ ತೆಗೆದುಕೊಂಡಳು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಟ್ರೇಲರಿನ ಮುಂದೆ ನಿಲ್ಲಿಸಿ ಹಾರನ್ ಮಾಡಿದಳು.

ಮಾವ ಬಂದ. ಬಾಗಿಲು ಹಿಡಿದುಕೊಂಡು, ಹತ್ತಲೋ ಬೇಡವೋ ಎನ್ನುವವನಂತೆ ನಿಂತ.

“ಹತ್ತು. ಹೊತ್ತಾಗುತ್ತೆ.”

ಹತ್ತಿದ. ಅವನ ಅಂಗಿಯಿಂದ ಹೊಗೆಯ ವಾಸನೆ ಬರುತ್ತಿತ್ತು. ಅದು ಅವನದೇ ಇರಬಹುದಿತ್ತು, ಹೋಬರ್ಟ್‌ನ ಮನೆಯದೂ ಇರಬಹುದಿತ್ತು. ಮನೆಯದು ಎಂದಿದ್ದರೆ ನಾವು ನಂಬುತ್ತಿದ್ದೆವು.

“ಸೇದಿದ್ಯಾ?” ಅಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ಸೇದ್ದೆ. ಹೋಬರ್ಟ್ ಮನೆಗೆ ಬಂದ ದಿನ ಒಂದು. ಆಮೇಲೆ ಇಲ್ಲ.”

ಸೇತುವೆ ದಾಟಿದ ಮೇಲೆ ಅಮ್ಮ, “ಕಿಟಕಿ ಇಳಿಸು, ವಾಸನೆ ಹೋಗ್ಲಿ,” ಎಂದಳು.

ಮಾವ ಕಿಟಕಿ ಇಳಿಸಿದ.